ಸೀನಾಯಿಗೆ ಮೊದಲಿನ ಧರ್ಮಶಾಸ್ತ್ರ

ಬೈಬಲಿನ ವಿಮೋಚನಕಾಂಡದ ಪ್ರಕಾರ ಇಸ್ರಾಯೇಲ್ಯರಿಗೆ ಧರ್ಮಶಾಸ್ತ್ರ ದೊರೆತದ್ದು ಈಜಿಪ್ಟಿನಿಂದ ಹೊರಟ ಮೂರನೆಯ ತಿಂಗಳಲ್ಲಿ, ಸೀನಾಯಿ ಬೆಟ್ಟದ ಬಳಿ, ಮೋಶೆಯ ಮೂಲಕ. ಅದಕ್ಕೂ ಮುಂಚೆ ಆ ಶಾಸ್ತ್ರ ಇತ್ತೇ ಎಂಬ ಚರ್ಚೆಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆಕರಗಳಲ್ಲಿ ಬೇರೆಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಹೋಗಿವೆ. ಶಾಸ್ತ್ರವು ಸೃಷ್ಟಿಗೂ ಮೊದಲು ದೇವರ ಬಳಿ ಇತ್ತೇ ಎಂಬುದು ದೈವಮೀಮಾಂಸೆಯ ಪ್ರಶ್ನೆ. ಅಬ್ರಹಾಮ ಮೊದಲಾದ ಮೂಲಪಿತೃಗಳು ಅದನ್ನು ಪಾಲಿಸುತ್ತಿದ್ದರೇ ಎಂಬುದು ವ್ಯಾಖ್ಯಾನದ್ದು. ಅಂಥ ಕಾನೂನುಗಳು ಆ ನಾಡುಗಳಲ್ಲಿ ಮೊದಲೇ ಚಾಲ್ತಿಯಲ್ಲಿದ್ದವೇ ಎಂಬುದು ಇತಿಹಾಸದ್ದು. ಒಂದರ ಉತ್ತರವನ್ನು ಮತ್ತೊಂದಕ್ಕೆ ಸಾಕ್ಷಿಯಾಗಿ ಹಿಡಿಯುವ ರೂಢಿ ಹಳೆಯ ಬರಹಗಳಲ್ಲೂ ಇದೆ, ಇತ್ತೀಚಿನವುಗಳಲ್ಲೂ ಇದೆ.

ಚರ್ಚೆ ಹುಟ್ಟಿದ್ದು ಆದಿಕಾಂಡದಿಂದಲೇ. ಜಲಪ್ರಳಯಕ್ಕೆ ಮುಂಚೆ ನೋಹನಿಗೆ ಶುದ್ಧ ಮತ್ತು ಅಶುದ್ಧ ಪ್ರಾಣಿಗಳ ಭೇದ ಗೊತ್ತಿರುತ್ತದೆ (7:2). ಅಬ್ರಹಾಮ ಮೆಲ್ಕಿಚೆದೆಕನಿಗೆ ದಶಮಾಂಶ ಕೊಡುತ್ತಾನೆ (14:20). ಯೆಹೂದನು ತನ್ನ ಎರಡನೆಯ ಮಗನಿಗೆ, ಸತ್ತ ಅಣ್ಣನ ಹೆಂಡತಿ ತಾಮಾರಳ ವಿಷಯದಲ್ಲಿ ಮೈದುನಧರ್ಮ ನಡೆಸೆಂದು ಹೇಳುತ್ತಾನೆ (38:8). ಸೀನಾಯಿಗೆ ಬರುವ ಮೊದಲೇ ಅರಣ್ಯದಲ್ಲಿ ಮನ್ನದ ಪ್ರಸಂಗದಲ್ಲಿ ಸಬ್ಬತ್ ಆಚರಣೆ ಬರುತ್ತದೆ (ವಿಮೋಚನಕಾಂಡ 16). ಎಲ್ಲಕ್ಕಿಂತ ಹೆಚ್ಚು ವಾದಕ್ಕೆ ಎಡೆಮಾಡಿದ್ದು ಆದಿಕಾಂಡ 26:5. ಅಬ್ರಹಾಮನು ತನ್ನ ಆಜ್ಞೆಗಳನ್ನೂ ವಿಧಿಗಳನ್ನೂ ಧರ್ಮೋಪದೇಶಗಳನ್ನೂ ಪಾಲಿಸಿದನೆಂದು ದೇವರೇ ಅಲ್ಲಿ ಇಸಾಕನಿಗೆ ಹೇಳುತ್ತಾನೆ. ಎದುರು ಸಾಕ್ಷಿಗಳಿಗೂ ಬೈಬಲಿನಲ್ಲೇ ಕೊರತೆಯಿಲ್ಲ. ಅಬ್ರಹಾಮ ಅತಿಥಿಗಳಿಗೆ ಹಾಲನ್ನೂ ಕರುವಿನ ಮಾಂಸವನ್ನೂ ಒಟ್ಟಿಗೆ ಬಡಿಸುತ್ತಾನೆ, ಯೆಹೂದಿ ಶಾಸ್ತ್ರದಲ್ಲಿ ಇದು ನಿಷಿದ್ಧ. ಯಾಕೋಬ ಅಕ್ಕತಂಗಿಯರಿಬ್ಬರನ್ನೂ ಮದುವೆಯಾಗುತ್ತಾನೆ, ಯಾಜಕಕಾಂಡ ಇದನ್ನು ನಿಷೇಧಿಸುತ್ತದೆ. ಮೋಶೆಯ ತಂದೆ ಅಮ್ರಾಮ್ ಮದುವೆಯಾದದ್ದು ತನ್ನ ಸೋದರತ್ತೆಯನ್ನು, ಅದೂ ನಿಷಿದ್ಧವೇ.

ಈ ಇಕ್ಕಟ್ಟನ್ನು ಎದುರಿಸಿದ ಮೊದಲ ದೊಡ್ಡ ಪ್ರಯತ್ನ ಕ್ರಿ.ಪೂ. 2ನೆಯ ಶತಮಾನದ 'ಜುಬಿಲಿಗಳ ಗ್ರಂಥ'. ಆದಿಕಾಂಡದ ಕಥೆಯನ್ನೇ ಮರಳಿ ಹೇಳುವ ಈ ಕೃತಿಯಲ್ಲಿ ಕಾನೂನುಗಳು ಸ್ವರ್ಗದ ಹಲಗೆಗಳ ಮೇಲೆ ಮೊದಲೇ ಬರೆದಿವೆ, ದೇವದೂತರೇ ಸಬ್ಬತ್ ಆಚರಿಸುತ್ತಾರೆ, ನೋಹನು ವಾರಗಳ ಹಬ್ಬವನ್ನೂ ಅಬ್ರಹಾಮನು ಪರ್ಣಶಾಲೆಗಳ ಹಬ್ಬವನ್ನೂ ಮಾಡುತ್ತಾರೆ. ಇಷ್ಟಾದರೂ, ಎಲ್ಲ ಶಾಸ್ತ್ರವೂ ಎಲ್ಲರಿಗೂ ಗೊತ್ತಿತ್ತೆಂದು ಗ್ರಂಥಕರ್ತ ಹೇಳುವುದಿಲ್ಲ. ಈ ಸೂಕ್ಷ್ಮ ಅನೇಕ ಸಾರಾಂಶಗಳಲ್ಲಿ ಬಿಟ್ಟುಹೋಗಿದೆ. ತಂದೆಯ ಉಪಪತ್ನಿಯನ್ನು ಕೂಡಿದ ರೂಬೇನನಿಗೆ ಮರಣದಂಡನೆ ಏಕಾಗಲಿಲ್ಲವೆಂದರೆ, ಆ ವಿಧಿ ಆಗಿನ್ನೂ ಪೂರ್ತಿಯಾಗಿ ಪ್ರಕಟವಾಗಿರಲಿಲ್ಲ ಎಂಬುದು ಅವನ ಸಮಾಧಾನ. ಈ ಗ್ರಂಥ ಪೂರ್ತಿಯಾಗಿ ಉಳಿದಿರುವುದು ಇಥಿಯೋಪಿಯಾದ ಗೀಜ್ ಭಾಷೆಯಲ್ಲಿ ಮಾತ್ರ. ಅಲ್ಲಿನ ಆರ್ಥಡಾಕ್ಸ್ ಸಭೆಗೆ ಇದು ಪವಿತ್ರ ಗ್ರಂಥ. 1947ರಿಂದ ಕುಮ್ರಾನ್ ಗುಹೆಗಳಲ್ಲಿ ಹೀಬ್ರೂ ಮೂಲದ ತುಣುಕುಗಳು ಸಿಕ್ಕ ಮೇಲೆ ಇದರ ಪ್ರಾಚೀನತೆ ಖಚಿತವಾಯಿತು.

ಅಲೆಕ್ಸಾಂಡ್ರಿಯಾದ ಯೆಹೂದಿ ತತ್ತ್ವಜ್ಞಾನಿ ಫೈಲೋ (1ನೆಯ ಶತಮಾನ) ಬೇರೆ ದಾರಿ ಹಿಡಿದ. ಅವನ ಮಟ್ಟಿಗೆ ಅಬ್ರಹಾಮ ಬರೆಯದ ಕಾನೂನನ್ನು ಪ್ರಕೃತಿಯಿಂದಲೇ ಅರಿತು ನಡೆದವನು, ತಾನೇ ಒಂದು ಜೀವಂತ ಕಾನೂನು. ಅದೇ ಕಾಲದ ಕ್ರೈಸ್ತ ಅಪೊಸ್ತಲ ಪೌಲನಿಗೆ ಶಾಸ್ತ್ರ ತಡವಾಗಿ ಬಂದದ್ದೇ ವಾದದ ಬಲ: ಅದು ಅಬ್ರಹಾಮನಿಗೆ ಕೊಟ್ಟ ವಾಗ್ದಾನಕ್ಕಿಂತ 430 ವರ್ಷ ಈಚಿನದು, ಆದ್ದರಿಂದ ವಾಗ್ದಾನವನ್ನು ರದ್ದುಮಾಡಲಾರದು. 2ನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಇದನ್ನು ಮುಂದುವರಿಸಿ, ಹೇಬೆಲ, ಹನೋಕ, ನೋಹ ಮೊದಲಾದವರು ಸುನ್ನತಿ, ಸಬ್ಬತ್ ಇಲ್ಲದೆಯೂ ದೇವರಿಗೆ ಮೆಚ್ಚುಗೆಯಾದರೆಂದು ವಾದಿಸಿದ. ಅಬ್ರಹಾಮ ಯಾರ ಪಕ್ಷದವನು ಎಂಬ ಜಗಳ ಇದರ ಹಿಂದಿತ್ತು. 7ನೆಯ ಶತಮಾನದಲ್ಲಿ ಕುರ್‌ಆನ್ ಕೂಡ (3:65) ತೋರಾ (ಮೋಶೆಯ ಧರ್ಮಶಾಸ್ತ್ರ) ಮತ್ತು ಸುವಾರ್ತೆಗಳು ಅಬ್ರಹಾಮನ ನಂತರವೇ ಇಳಿದವೆಂದು ನೆನಪಿಸಿ ಯೆಹೂದ್ಯರು, ಕ್ರೈಸ್ತರು ಎರಡೂ ಕಡೆಯವರ ಹಕ್ಕುಸಾಧನೆಯನ್ನು ತಳ್ಳಿಹಾಕುತ್ತದೆ.

ಯೆಹೂದಿ ಗುರುಗಳಾದ ರಬ್ಬಿಗಳ ಸಾಹಿತ್ಯದಲ್ಲಿ ಒಮ್ಮತವಿದೆಯೆಂಬ ಜನಪ್ರಿಯ ನಂಬಿಕೆ ತಪ್ಪು. ತೋರಾ ಸೃಷ್ಟಿಗಿಂತ ಎರಡು ಸಾವಿರ ವರ್ಷ ಹಿಂದಿನದು, ಅದನ್ನು ನೋಡಿಕೊಂಡೇ ದೇವರು ಲೋಕವನ್ನು ರಚಿಸಿದ ಎಂಬ ಮಾತುಗಳು ಆದಿಕಾಂಡದ ಮೇಲಿನ ವ್ಯಾಖ್ಯಾನವಾದ 'ಬೆರೆಷಿತ್ ರಬ್ಬಾ'ದಲ್ಲಿವೆ. (ಕನ್ನಡದ ಓದುಗರಿಗೆ ವೇದದ ಅಪೌರುಷೇಯತ್ವ ನೆನಪಾಗುವುದು ಸಹಜ, ಆದರೆ ಇಲ್ಲಿ ತೋರಾ ಅನಾದಿಯಲ್ಲ, ದೇವರಿಂದಲೇ ಆದದ್ದು.) ಅಬ್ರಹಾಮ ಇಡೀ ತೋರಾವನ್ನು ಪಾಲಿಸಿದನೆಂದು ಹೇಳಿ ರಬ್ಬಿಗಳ ಕಾನೂನು ಸಂಗ್ರಹವಾದ ಮಿಷ್ನಾದ ಕಿದ್ದುಷಿನ್ ಭಾಗ ಮುಗಿಯುತ್ತದೆ. ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಯೋಮಾ 28ಬಿಯಲ್ಲಿ ಇದೇ ಮಾತನ್ನು ರವ್ ಹೇಳಿದಾಗ, ರವ್ ಶಿಮಿ ಬರ್ ಹಿಯ್ಯಾ ಅಲ್ಲಿಯೇ ತಡೆಯುತ್ತಾನೆ: ನೋಹನ ಸಂತತಿಗೆ ಕೊಟ್ಟ ಏಳು ಆಜ್ಞೆಗಳು ಮತ್ತು ಸುನ್ನತಿ ಎಂದಷ್ಟೇ ಏಕೆ ಅರ್ಥಮಾಡಬಾರದು? ಇನ್ನೊಬ್ಬ ರಬ್ಬಿಯಾದರೋ ಹಬ್ಬದ ದಿನ ಸಬ್ಬತ್ತಿಗಾಗಿ ಅಡುಗೆ ಮಾಡಲು ಅನುಕೂಲವಾಗುವಂತೆ ರಬ್ಬಿಗಳೇ ಮುಂದೆ ಮಾಡಿಕೊಂಡ ಏರ್ಪಾಡನ್ನೂ ಅಬ್ರಹಾಮ ಪಾಲಿಸಿದ ಎನ್ನುತ್ತಾನೆ. ಇದನ್ನು ಇತಿಹಾಸದ ಹೇಳಿಕೆಯೆಂದು ಓದುವುದಕ್ಕಿಂತ ತಮ್ಮ ಪರಂಪರೆಗೆ ಮೂಲಪಿತೃವಿನ ಮುದ್ರೆ ಹಾಕಿಕೊಂಡದ್ದೆಂದು ಓದುವುದು ಮೇಲು.

ಮಧ್ಯಯುಗದ ವ್ಯಾಖ್ಯಾನಕಾರರಲ್ಲಿ ಈ ಬಿರುಕು ಇನ್ನೂ ಸ್ಪಷ್ಟ. ರಾಶಿ ತಾಲ್ಮುದಿನ ಮಾತನ್ನು ಒಪ್ಪಿದ. ಅವನ ಮೊಮ್ಮಗ ರಶ್ಬಾಮ್, ಕಳವು, ವ್ಯಭಿಚಾರಗಳ ನಿಷೇಧ, ನ್ಯಾಯ, ಅತಿಥಿಸತ್ಕಾರಗಳಂಥ ಎಲ್ಲರೂ ಬಲ್ಲ ಧರ್ಮವನ್ನಷ್ಟೇ ಆದಿಕಾಂಡ 26:5ರ ವಚನ ಹೇಳುತ್ತದೆಂದ. ಮೂಲಪಿತೃಗಳು ಶಾಸ್ತ್ರವನ್ನು ಇಸ್ರಾಯೇಲಿನ ನೆಲದಲ್ಲಿ ಮಾತ್ರ ಪಾಲಿಸಿದರೆಂಬುದು ನಾಹ್ಮನಿಡೀಸನ ಪರಿಹಾರ: ಯಾಕೋಬನ ಮದುವೆಗಳು ನಡೆದದ್ದು ಹೊರಗೆ, ಒಳಗೆ ಬರುತ್ತಲೇ ಅಕ್ಕತಂಗಿಯರಲ್ಲಿ ಒಬ್ಬಳಾದ ರಾಹೇಲಳು ತೀರಿಕೊಂಡಳು. ಮೈಮೊನಿಡೀಸ್ ಮಿಷ್ನಾದ ಹುಲ್ಲಿನ್ ಭಾಗದ ವ್ಯಾಖ್ಯಾನದಲ್ಲಿ ಪ್ರಶ್ನೆಯ ಧಾಟಿಯನ್ನೇ ಬದಲಿಸಿದ. ಹಿಂದಿನವರು ಏನು ಮಾಡುತ್ತಿದ್ದರೆಂಬುದು ಬಾಧ್ಯತೆಗೆ ಕಾರಣವಲ್ಲ. ಸುನ್ನತಿಯನ್ನೂ ಸೇರಿಸಿ ಎಲ್ಲವನ್ನೂ ಪಾಲಿಸುವುದು ಮೋಶೆಯ ಮೂಲಕ ಆಜ್ಞೆಯಾದ್ದರಿಂದ. ಕ್ರೈಸ್ತರಲ್ಲಿ ಥಾಮಸ್ ಅಕ್ವಿನಾಸ್ ನೈತಿಕ ವಿಧಿಗಳನ್ನು ಸಹಜ ಧರ್ಮಕ್ಕೆ ಸೇರಿಸಿ, ಆಚರಣೆಯ ಮತ್ತು ನ್ಯಾಯಾಡಳಿತದ ವಿಧಿಗಳನ್ನು ಬೇರ್ಪಡಿಸಿದ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಬ್ಬತ್ ಆದಾಮನ ಕಾಲದ್ದೇ ಎಂಬುದು ರಾಜಕೀಯ ವಿವಾದವೂ ಆಯಿತು. 1640ರಲ್ಲಿ ಜಾನ್ ಸೆಲ್ಡನ್ ನೋಹನ ಆಜ್ಞೆಗಳ ಮೇಲೆ ಸಹಜ ಧರ್ಮದ ಸಿದ್ಧಾಂತವನ್ನೇ ಕಟ್ಟಿದ.

ಇತಿಹಾಸದ ಪ್ರಶ್ನೆಗೆ ತಿರುವು ಬಂದದ್ದು ಮಣ್ಣಿನಿಂದ. 1878ರಲ್ಲಿ ಬೈಬಲ್ ವಿದ್ವಾಂಸ ವೆಲ್‌ಹೌಸೆನ್, ಯಾಜಕರ ಕಾನೂನು ಪ್ರವಾದಿಗಳಿಗಿಂತ ಈಚಿನದೆಂದು ವಾದಿಸಿದ್ದ. 1901–02ರ ಚಳಿಗಾಲದಲ್ಲಿ ಇರಾನಿನ ಸೂಸಾದಲ್ಲಿ ಬಾಬಿಲೋನಿನ ಅರಸ ಹಮ್ಮುರಾಬಿಯ ಕಾನೂನುಗಳ ಶಿಲಾಶಾಸನ ಸಿಕ್ಕಿತು. ಕ್ರಿ.ಪೂ. 18ನೆಯ ಶತಮಾನದ ಆ ಶಾಸನದಲ್ಲಿ ಹಾಯುವ ಎತ್ತಿನ ಕಟ್ಟಳೆಗಳು ವಿಮೋಚನಕಾಂಡ 21ಕ್ಕೆ ಬಹಳ ಹತ್ತಿರ. ಇನ್ನೂ ಹತ್ತಿರದ್ದು 1945 ಮತ್ತು 1947ರಲ್ಲಿ ಬಾಗ್ದಾದಿನ ಬಳಿಯ ತೆಲ್ ಹರ್ಮಲ್‌ನಲ್ಲಿ ದೊರೆತ ಎಶ್ನುನ್ನಾ ಕಾನೂನು: ಒಬ್ಬನ ಎತ್ತು ಮತ್ತೊಬ್ಬನದನ್ನು ಹಾಯ್ದು ಕೊಂದರೆ ಬದುಕಿದ ಎತ್ತಿನ ಬೆಲೆಯನ್ನೂ ಸತ್ತದ್ದನ್ನೂ ಇಬ್ಬರೂ ಹಂಚಿಕೊಳ್ಳಬೇಕು. ಬೈಬಲಿನ ತೀರ್ಪೂ ಅದೇ. ಭೇದಗಳನ್ನೂ ಗಮನಿಸಬೇಕು. ಮನುಷ್ಯನನ್ನು ಕೊಂದ ಎತ್ತನ್ನು ಕಲ್ಲೆಸೆದು ಕೊಲ್ಲಬೇಕು, ಅದರ ಮಾಂಸ ತಿನ್ನಬಾರದು ಎಂಬ ವಿಧಿ ಬಾಬಿಲೋನಿನಲ್ಲಿಲ್ಲ.

ಈ ಹೋಲಿಕೆಯ ಉತ್ಸಾಹ ಎಲ್ಲ ಕಡೆಯೂ ಫಲಿಸಲಿಲ್ಲ. ಮೆಸಪೊಟೇಮಿಯಾದ ನೂಜಿ ನಗರದ ಮಣ್ಣಿನ ಹಲಗೆಗಳಿಂದ ಮೂಲಪಿತೃಗಳ ಕೌಟುಂಬಿಕ ಪದ್ಧತಿಗಳನ್ನು ಸಾಧಿಸಿದ ವಾದಗಳನ್ನು 1974–75ರಲ್ಲಿ ಥಾಮಸ್ ಥಾಂಪ್ಸನ್ ಮತ್ತು ಜಾನ್ ವ್ಯಾನ್ ಸೀಟರ್ಸ್ ಬಹುಮಟ್ಟಿಗೆ ಕೆಡವಿದರು. ಬೈಬಲಿನ ಎತ್ತಿನ ಕಟ್ಟಳೆ ಬಂದ ದಾರಿಯೂ ಇತ್ಯರ್ಥವಾಗಿಲ್ಲ. ಅಸ್ಸೀರಿಯದ ಆಳ್ವಿಕೆಯ ಕಾಲದಲ್ಲಿ ಹಮ್ಮುರಾಬಿಯ ಪಠ್ಯವನ್ನೇ ಎದುರಿಟ್ಟುಕೊಂಡು ರಚಿಸಿದ್ದೆಂದು ಡೇವಿಡ್ ರೈಟ್ 2009ರಲ್ಲಿ ವಾದಿಸಿದರೆ, ಇಡೀ ಪ್ರದೇಶದ ಸಾಮಾನ್ಯ ನ್ಯಾಯಪರಂಪರೆ ಸಾಕೆಂದು ಬ್ರೂಸ್ ವೆಲ್ಸ್ ಮೊದಲಾದವರು ಹೇಳುತ್ತಾರೆ. 2010ರಲ್ಲಿ ಇಸ್ರೇಲಿನ ಹಾಜೋರ್‌ನಲ್ಲಿ ಸಿಕ್ಕ ಎರಡು ಅಕ್ಕಾಡಿಯನ್ ತುಣುಕುಗಳಲ್ಲಿ ಗುಲಾಮರಿಗಾದ ಗಾಯಕ್ಕೆ ಪರಿಹಾರದ ನಿಯಮಗಳಿವೆ, ಕಾಲ ಕ್ರಿ.ಪೂ. 18–17ನೆಯ ಶತಮಾನ. ಇಂಥ ಕಾನೂನಿನ ಬರಹ ಕಾನಾನಿಗೆ ಅಷ್ಟು ಹಿಂದೆಯೇ ತಲುಪಿತ್ತೆಂಬುದನ್ನು ಅವು ತೋರಿಸುತ್ತವೆ, ಅಬ್ರಹಾಮನ ಬಗ್ಗೆ ಏನನ್ನೂ ಹೇಳುವುದಿಲ್ಲ.

2022ರಲ್ಲಿ ಪುರಾತತ್ತ್ವಜ್ಞ ಯೋನಾತನ್ ಆಡ್ಲರ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಜನಸಾಮಾನ್ಯರು ಈ ಶಾಸ್ತ್ರವನ್ನು ಪಾಲಿಸತೊಡಗಿದ್ದು ಯಾವಾಗ? ಮೀನಿನ ಮೂಳೆ, ನಾಣ್ಯ, ಸ್ನಾನದ ಕೊಳಗಳಂಥ ಸಾಕ್ಷ್ಯಗಳಿಂದ ಅವರು ತಲುಪಿದ್ದು ಕ್ರಿ.ಪೂ. 2ನೆಯ ಶತಮಾನಕ್ಕೆ, ಜುಬಿಲಿಗಳ ಗ್ರಂಥದ ಶತಮಾನವೂ ಅದೇ. ಆಡ್ಲರ್ ಅಳೆದದ್ದು ಆಚರಣೆಯನ್ನು, ಪಠ್ಯದ ವಯಸ್ಸನ್ನಲ್ಲ. ಶಾಸ್ತ್ರ ಬರೆದದ್ದೇ ಆಗ ಎಂಬುದಕ್ಕೆ ಅವರ ಕೃತಿಯನ್ನು ಆಧಾರವಾಗಿ ಬಳಸುವುದು ಸರಿಯಲ್ಲ.