ಹೊಳೆಯ ಪಾಲಾದ ಮನೆ, ಪಾಲು ಸಿಗದ ಮಗಳು

ನೇತ್ರಾವತಿ ಹೊಳೆಯ ಇಕ್ಕೆಲಗಳಲ್ಲಿ ಬಾಳಿದ ಮುಸ್ಲಿಮ್ ಮನೆತನಗಳಲ್ಲಿ 1923ರ ನೆರೆಯ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ವಿರಳ. ಆ ವರ್ಷದ ಆಗಸ್ಟ್‌ನಲ್ಲಿ, ಆಟಿ ತಿಂಗಳ ಮಳೆಗೆ ಹೊಳೆ ಉಕ್ಕಿ ಉಪ್ಪಿನಂಗಡಿ, ಪಾಣೆಮಂಗಳೂರು, ಬಂಟ್ವಾಳಗಳ ತಗ್ಗು ಪ್ರದೇಶಗಳನ್ನು ಮುಳುಗಿಸಿತು. ತುಳುವಿನಲ್ಲಿ ಅದಕ್ಕೆ 'ಮಾರಿ ಬೊಳ್ಳ' ಎಂಬ ಹೆಸರು. ನಮ್ಮ ಮನೆಯಲ್ಲಿ ಆ ಕಥೆ ಯಾವಾಗಲೂ ಒಂದೇ ಮಾತಿನಿಂದ ಮುಗಿಯುತ್ತಿತ್ತು: "ಹೊಳೆ ಎಲ್ಲವನ್ನೂ ಕೊಂಡುಹೋಯಿತು."

ಆ ಹೊಳೆಬದಿಯಲ್ಲಿ ನಮ್ಮ ಮುತ್ತಜ್ಜನ ಮನೆಯಿತ್ತು. ಘಟ್ಟದ ಮೇಲಿನಿಂದ ಬಂಟ್ವಾಳಕ್ಕೆ ಇಳಿದ ಸರಕು ದೋಣಿಗಳಲ್ಲಿ ಮಂಗಳೂರಿಗೆ ಸಾಗುತ್ತಿದ್ದ ಕಾಲವದು. ಮುತ್ತಜ್ಜ ಆ ವ್ಯಾಪಾರವನ್ನೇ ನೆಚ್ಚಿಕೊಂಡಿದ್ದರು. ನೆರೆಯ ಬಳಿಕ ಕುಟುಂಬ ಎತ್ತರದ ಬೇರೊಂದು ಊರಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಮುತ್ತಜ್ಜ ತೀರಿಕೊಂಡರು. ನಮಗೆ ಉಳಿದದ್ದು ಮನೆತನದ ಹೆಸರು ಮತ್ತು ಹಿರಿಯರ ಬಾಯಲ್ಲಿದ್ದ ಮೂರು ಗುರುತುಗಳು: ಮನೆಯ ಕೆಳಗೆ ಕಡವು, ಬಾಂಗ್ ಕೇಳುವಷ್ಟು ಹತ್ತಿರದಲ್ಲಿ ಮಸೀದಿ, ಹಿಂದೆ ಅಡಿಕೆ ತೋಟ. ಆ ಮನೆ ಎಲ್ಲಿತ್ತೆಂದು ಒಮ್ಮೆಯಾದರೂ ಕಾಣಬೇಕೆಂಬ ಆಸೆಯಿಂದ ನಾವು ಹುಡುಕಾಟಕ್ಕೆ ತೊಡಗಿದೆವು.

ವಂಶದ ಹಿರಿಮೆಯನ್ನು ಕೊಚ್ಚಿಕೊಳ್ಳುವುದು ಅಜ್ಞಾನ ಕಾಲದ ಪದ್ಧತಿಯೆಂದು ಇಸ್ಲಾಮ್ ಎಚ್ಚರಿಸಿದೆ. ಆದರೆ ರಕ್ತಸಂಬಂಧಗಳನ್ನು ಬೆಸೆಯಲು ಬೇಕಾದಷ್ಟು ವಂಶಜ್ಞಾನವನ್ನು ಪಡೆಯಿರೆಂದು ಪ್ರವಾದಿ ಮುಹಮ್ಮದ್(ಸ) ಉಪದೇಶಿಸಿದ್ದನ್ನು ತಿರ್ಮಿದಿಯವರು ವರದಿ ಮಾಡಿದ್ದಾರೆ. ಈ ಎರಡರ ನಡುವಿನ ಗೆರೆ ಎಲ್ಲಿದೆಯೆಂಬುದು ಹುಡುಕಾಟದ ಕೊನೆಗೆ ನಮಗೆ ಚೆನ್ನಾಗಿ ಅರ್ಥವಾಯಿತು. ಅದನ್ನು ಹೇಳುವ ಮೊದಲು, ಇಂತಹ ಆಸೆಯಿರುವ ಇತರರಿಗೂ ಉಪಯೋಗವಾಗಲೆಂದು ನಾವು ನಡೆದ ದಾರಿಯನ್ನು ವಿವರಿಸುತ್ತೇವೆ.

ನಾವು ಮೊದಲು ನೆನೆದದ್ದು ಜನಗಣತಿಯನ್ನು. ಇಂಗ್ಲೆಂಡಿನಲ್ಲಿ ನೂರು ವರ್ಷ ತುಂಬಿದ ಗಣತಿಯ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. 1921ರ ಹಾಳೆಗಳು 2022ರ ಜನವರಿಯಲ್ಲಿ ಹೊರಬಂದವು. ಅಲ್ಲಿ ಮನೆಯ ಯಜಮಾನನಿಂದ ಮಗುವಿನವರೆಗೆ ಎಲ್ಲರ ಹೆಸರುಗಳೂ ಸಿಗುತ್ತವೆ. ನಮ್ಮ ದೇಶದಲ್ಲಿ ಹಾಗಿಲ್ಲ. 1921ರ ಮಾರ್ಚ್ 18ರ ಗಣತಿಯಲ್ಲಿ ನಮ್ಮ ಮುತ್ತಜ್ಜನನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ಆದರೆ ಇಲ್ಲಿ ಎಣಿಕೆ ಮುಗಿದ ಮೇಲೆ ಮನೆವಾರು ಹಾಳೆಗಳನ್ನು ಕಾದಿಡುವ ಪದ್ಧತಿ ಇರಲಿಲ್ಲ. 1948ರ ಜನಗಣತಿ ಕಾಯಿದೆಯೂ ವ್ಯಕ್ತಿಗಳ ವಿವರವನ್ನು ಗುಟ್ಟಾಗಿಡುತ್ತದೆ. ಆದ್ದರಿಂದ ಭಾರತದ ಗಣತಿಯಲ್ಲಿ ಪೂರ್ವಜರ ಹೆಸರನ್ನು ಹುಡುಕಬಾರದು, ಅವರ ಊರನ್ನು ಹುಡುಕಬೇಕು.

ಊರನ್ನು ಹುಡುಕುವಲ್ಲಿ ಗಣತಿ ಬಹಳ ನೆರವಾಯಿತು. 1951ರ ಗಣತಿಯ ನಂತರ ಜಿಲ್ಲೆಗೊಂದರಂತೆ ಗಣತಿ ಕೈಪಿಡಿಗಳು ಪ್ರಕಟವಾಗತೊಡಗಿದವು. ಅವುಗಳಲ್ಲಿ ಗ್ರಾಮವಾರು ವಿಸ್ತೀರ್ಣ, ಮನೆಗಳ ಸಂಖ್ಯೆ, ಜನಸಂಖ್ಯೆಗಳಿವೆ. ಹಿರಿಯರು ಹೇಳುತ್ತಿದ್ದ ಊರಿನ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ನಾವು ನಿರಾಶರಾದೆವು. ಆಮೇಲೆ ತಿಳಿಯಿತು: ಗಣತಿ ಲೆಕ್ಕಕ್ಕೆ ಹಿಡಿಯುವುದು ಕಂದಾಯ ಗ್ರಾಮವನ್ನು. ಜನರು ಊರೆಂದು ಕರೆಯುವುದು ಆ ಗ್ರಾಮದೊಳಗಿನ ಒಂದು ಮೂಲೆಯನ್ನೂ ಆಗಿರಬಹುದು. ಬಯಲುಸೀಮೆಯಂತೆ ಮನೆಗಳು ಒತ್ತಾಗಿ ಸೇರಿರದೆ, ಗದ್ದೆ ತೋಟಗಳ ನಡುವೆ ಚದರಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ತಾಲೂಕಿನ ವಿಷಯದಲ್ಲಿಯೂ ಇಂಥದೇ ತೊಡಕು. 1901ರ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿದ್ದದ್ದು ಕುಂದಾಪುರ, ಉಡುಪಿ, ಕಾರ್ಕಳ, ಮಂಗಳೂರು, ಉಪ್ಪಿನಂಗಡಿ ಮತ್ತು ಕಾಸರಗೋಡು ತಾಲೂಕುಗಳು. ಇಂದಿನ ಬಂಟ್ವಾಳ ತಾಲೂಕಿನ ಹೆಸರನ್ನು ಹಿಡಿದು ಆ ಕಾಲದ ಕಾಗದಗಳಲ್ಲಿ ಹುಡುಕಿದರೆ ಏನೂ ಸಿಗದು. ಜಿಲ್ಲೆ 1956ರ ನವೆಂಬರ್ 1ರ ಮೊದಲು ಮದ್ರಾಸಿಗೆ ಸೇರಿದ್ದರಿಂದ ಹಳೆಯ ದಾಖಲೆಗಳಲ್ಲಿ ಕೆಲವು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಕಾಸರಗೋಡು ಅಂದು ಕೇರಳಕ್ಕೆ ಸೇರಿತು; ಆ ಕಡೆಯ ಮನೆತನಗಳು ಅಲ್ಲಿಯೂ ವಿಚಾರಿಸಬೇಕು.

ಮುಂದಿನ ನೆರವು ನಕ್ಷೆಗಳದು. ಭಾರತೀಯ ಸರ್ವೇಕ್ಷಣಾ ಇಲಾಖೆ ಹಿಂದೆ ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ನಕ್ಷೆಗಳನ್ನು ಮುದ್ರಿಸುತ್ತಿತ್ತು. ಆ ಕ್ರಮದಲ್ಲಿ ಬಂಟ್ವಾಳದ ಸುತ್ತಲಿನ ಹಾಳೆಯ ಸಂಖ್ಯೆ 48 ಪಿ/1. ಅದರಲ್ಲಿ ಮನೆಯವರ ಹೆಸರುಗಳಿರುವುದಿಲ್ಲ. ಆದರೆ ಮಸೀದಿ, ಕಾಲುದಾರಿ, ದೋಣಿ ದಾಟುವ ಜಾಗ ಮುಂತಾದವುಗಳಿಗೆ ಗುರುತುಗಳಿರುತ್ತವೆ. ಹೊಳೆಯ ಉದ್ದಕ್ಕೂ ಬೆರಳಿಟ್ಟು ನೋಡುತ್ತ ಹೋದಾಗ, ಕಡವು ಮತ್ತು ಮಸೀದಿ ಎರಡೂ ಹತ್ತಿರವಿದ್ದ ಜಾಗಗಳು ಎರಡೇ ಎಂದು ಕಂಡಿತು. ಅವುಗಳಲ್ಲಿ ಒಂದು, ಕೈಪಿಡಿಯ ನೆರವಿನಿಂದ ನಾವು ಊಹಿಸಿದ್ದ ಕಂದಾಯ ಗ್ರಾಮದ ಒಳಗೇ ಇತ್ತು.

ಮನೆಯಂಗಳದವರೆಗೆ ತಲುಪಿಸಿದ್ದು ಕಂದಾಯ ಸರ್ವೆ. ಗ್ರಾಮನಕ್ಷೆಯಲ್ಲಿ ಪ್ರತಿ ತುಂಡು ನೆಲಕ್ಕೂ ಸರ್ವೆ ನಂಬ್ರವಿರುತ್ತದೆ. ಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಆ ನಂಬ್ರದ ಎದುರು ನೆಲದ ಬಗೆ, ವಿಸ್ತೀರ್ಣ, ತೀರ್ವೆ ಮತ್ತು ವರ್ಗದಾರನ ಹೆಸರು. ನೆಲದ ಬಗೆಗಳು ಮೂರು: ನೀರಿನ ಗದ್ದೆ ನಂಜ, ಒಣನೆಲ ಪುಂಜ, ತೋಟ ಬಾಗಾಯ್ತು. ಮದ್ರಾಸಿನ ಪದ್ಧತಿಯಂತೆ ಅಳತೆ ಎಕರೆ ಮತ್ತು ಸೆಂಟ್ಸ್‌ಗಳಲ್ಲಿರುತ್ತದೆ. ನೂರು ಸೆಂಟ್ಸ್ ಒಂದು ಎಕರೆ. ಹೊಳೆಗೆ ತಾಗಿದ ನಂಬ್ರಗಳನ್ನು ಒಂದೊಂದಾಗಿ ಓದಿದಾಗ ಮುತ್ತಜ್ಜನ ಹೆಸರು, ಅವರ ತಂದೆಯ ಹೆಸರಿನೊಂದಿಗೆ ಸಿಕ್ಕಿತು. ಆ ಗಳಿಗೆಯ ಸಂತೋಷವನ್ನು ಹೇಳಲು ನಮ್ಮಲ್ಲಿ ಮಾತುಗಳಿಲ್ಲ. ನಮ್ಮ ತಂದೆಯವರು ಆ ಅಕ್ಷರಗಳ ಮೇಲೆ ಕೈಯಾಡಿಸಿ ಮುತ್ತಜ್ಜನಿಗಾಗಿ ದುಆ ಮಾಡಿದರು.

ಆದರೆ ಅಲ್ಲಿ ಒಂದಲ್ಲ, ಎರಡು ನಂಬ್ರಗಳಿದ್ದವು. ಹೊಳೆಯಂಚಿನ ಚಿಕ್ಕ ತುಂಡಿನಲ್ಲಿ ಮನೆ. ಅದರ ಮೇಲ್ಭಾಗದಲ್ಲಿ 1 ಎಕರೆ 20 ಸೆಂಟ್ಸ್ ಬಾಗಾಯ್ತು. ನೆರೆಯ ನಂತರದ ದಾಖಲೆಗಳಲ್ಲಿ ಚಿಕ್ಕ ತುಂಡಿನ ಬಹುಭಾಗ ಹೊಳೆಗೆ ಸೇರಿತ್ತು. ತೋಟ ಮಾತ್ರ ಹಾಗೆಯೇ ಇತ್ತು. ಹೊಳೆ ಎಲ್ಲವನ್ನೂ ಕೊಂಡುಹೋಗಿರಲಿಲ್ಲ.

ಹಾಗಾದರೆ ತೋಟ ಏನಾಯಿತು? ಇದಕ್ಕೆ ಉತ್ತರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿತ್ತು. 1908ರ ನೋಂದಣಿ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳನ್ನು ಒಂದನೇ ಪುಸ್ತಕದಲ್ಲಿ ನಕಲು ಮಾಡುತ್ತಾರೆ. ಒಂದನೇ ಸೂಚಿಯಲ್ಲಿ ಪತ್ರ ಬರೆದವರ, ಬರೆಸಿಕೊಂಡವರ ಹೆಸರುಗಳು. ಎರಡನೇ ಸೂಚಿಯಲ್ಲಿ ಆಸ್ತಿಯ ವಿವರ. ಶುಲ್ಕ ಕಟ್ಟಿದರೆ ಇವುಗಳನ್ನು ಯಾರೂ ನೋಡಬಹುದು. ಮುಸ್ಲಿಮ್ ಹೆಸರುಗಳನ್ನು ಹುಡುಕುವವರಿಗೆ ಒಂದು ಸೂಚನೆ: ಬರೆಯುವ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಮುಹಿಯುದ್ದೀನ್ ಎಂಬ ಹೆಸರು ಮೊಯ್ದೀನ್ ಆಗಿರಬಹುದು, ಮೈದಿನ್ ಆಗಿರಬಹುದು. ಅಬೂಬಕ್ಕರ್ ಬರಿಯ ಅಬ್ಬು ಆಗಿರಬಹುದು. ಆದ್ದರಿಂದ ಹೆಸರಿಗಿಂತ ಸರ್ವೆ ನಂಬ್ರವನ್ನು ಹಿಡಿದು ಹೋಗುವುದು ಲೇಸು.

1934ರ ಒಂದು ಕ್ರಯಪತ್ರ ಸಿಕ್ಕಿತು. ತೋಟವನ್ನು ಮಾರಿದವರು ಮುತ್ತಜ್ಜನ ಇಬ್ಬರು ಗಂಡುಮಕ್ಕಳು, ಎಂದರೆ ನಮ್ಮ ಅಜ್ಜ ಮತ್ತು ಅವರ ತಮ್ಮ. ತಾವಿಬ್ಬರೇ ವಾರಸುದಾರರೆಂದು ಅದರಲ್ಲಿ ಬರೆಸಿದ್ದರು. ಅವರಿಗೊಬ್ಬ ತಂಗಿಯಿದ್ದಳು. ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಆ ತಾಯಿಯ ಹೆಸರು ಪತ್ರದ ಯಾವ ಸಾಲಿನಲ್ಲಿಯೂ ಇರಲಿಲ್ಲ. ಅವಳ ಮಕ್ಕಳಿಗೂ ನಮ್ಮ ಮನೆಯಿಂದ ಸಿಕ್ಕಿದ ಉತ್ತರ ಅದೇ ಹಳೆಯ ಮಾತು.

ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ನಿಗದಿಪಡಿಸಿದ ಲೆಕ್ಕವನ್ನು ನಾವು ಮದ್ರಸದ ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇವೆ. ಈ ಸಲ ಅದನ್ನು ನಮ್ಮ ಮನೆಯ ನೆಲದ ಮೇಲೆ ಮಾಡಬೇಕಾಯಿತು. ಮುತ್ತಜ್ಜ ತೀರಿದಾಗ ಮುತ್ತಜ್ಜಿ ಇದ್ದರು. 120 ಸೆಂಟ್ಸ್‌ನಲ್ಲಿ ಅವರ ಪಾಲು ಎಂಟನೇ ಒಂದು, ಅಂದರೆ 15 ಸೆಂಟ್ಸ್. ಉಳಿದ 105ರಲ್ಲಿ ಗಂಡುಮಕ್ಕಳಿಗೆ ತಲಾ 42, ಮಗಳಿಗೆ 21. ಮಾರಾಟಕ್ಕೆ ಮೊದಲೇ ಮುತ್ತಜ್ಜಿಯೂ ತೀರಿದ್ದರು. ಅವರ 15ರಲ್ಲಿ ಮಗಳಿಗೆ ಮತ್ತೆ 3. ಒಟ್ಟು 24 ಸೆಂಟ್ಸ್. ಅಡಿಕೆ ಮರಗಳಿದ್ದ ಆ ನೆಲ ವಿಧವೆಯೊಬ್ಬಳ ಮನೆಯಲ್ಲಿ ಎಷ್ಟು ರಾತ್ರಿಗಳ ಹಸಿವನ್ನು ನೀಗಬಹುದಿತ್ತೋ ಅಲ್ಲಾಹನೇ ಬಲ್ಲ.

ಆ ಕಾಲದ ರೂಢಿಯೇ ಹಾಗಿತ್ತೆಂದು ಕೆಲವರು ಸಮಾಧಾನ ಹೇಳಿದರು. ರೂಢಿಯ ನೆಪದಲ್ಲಿ ಹೆಣ್ಣುಮಕ್ಕಳ ಹಕ್ಕು ಅಳಿಯುತ್ತಿದ್ದುದನ್ನು ತಡೆಯಲೆಂದೇ 1937ರಲ್ಲಿ ಮುಸ್ಲಿಮ್ ವೈಯಕ್ತಿಕ ಕಾನೂನು ಅನ್ವಯ ಕಾಯಿದೆ ಬಂತು. ಅದು ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಮದ್ರಾಸ್ ಪ್ರಾಂತ ಆ ಕೊರತೆಯನ್ನು 1949ರ ತಿದ್ದುಪಡಿಯಿಂದ ತುಂಬಿತು. ನಮ್ಮ ಅಜ್ಜನ ಪತ್ರ ಇವೆರಡಕ್ಕೂ ಹಿಂದಿನದು, ನಿಜ. ಆದರೆ ಅಲ್ಲಾಹನ ವಿಧಿ 1937ಕ್ಕಾಗಿ ಕಾದಿರಲಿಲ್ಲ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಪತ್ನಿ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರವಾದಿ(ಸ)ರ ಬಳಿಗೆ ಬಂದು, ಮಕ್ಕಳ ಚಿಕ್ಕಪ್ಪ ಆಸ್ತಿಯನ್ನೆಲ್ಲ ತೆಗೆದುಕೊಂಡನೆಂದು ದೂರಿದರು. ವಾರಸಿನ ಸೂಕ್ತ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು ಕೊಟ್ಟು ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳುವಂತೆ ಪ್ರವಾದಿ(ಸ) ಆ ಚಿಕ್ಕಪ್ಪನಿಗೆ ಆಜ್ಞಾಪಿಸಿದರು. ಅಣ್ಣತಮ್ಮಂದಿರ ಕೈಯಲ್ಲಿ ಹೆಣ್ಣಿನ ಪಾಲು ಕರಗುವ ಕಥೆ ಎಷ್ಟು ಹಳೆಯದೋ ಅದಕ್ಕೆ ಸಿಕ್ಕ ತೀರ್ಪೂ ಅಷ್ಟೇ ಹಳೆಯದು.

ನಾವು ಆ ಜಾಗಕ್ಕೆ ಹೋದೆವು. ತೋಟವನ್ನು ಕೊಂಡವರಿಂದ ಚಾಲಗೇಣಿಗೆ ಪಡೆದು ದುಡಿದಿದ್ದ ಕುಟುಂಬಕ್ಕೆ 1974ರ ಭೂಸುಧಾರಣೆಯ ಬಳಿಕ ಅದು ಸ್ವಂತವಾಗಿದೆ. ಅವರು ಅನ್ಯಧರ್ಮದವರು. ನಾವು ಬಂದ ಕಾರಣವನ್ನು ಕೇಳಿ ಮೊದಲು ತುಸು ಅಳುಕಿದರು. ನೆಲವನ್ನು ಕೇಳಲು ಬಂದವರಲ್ಲವೆಂದು ತಿಳಿಸಿದ ಮೇಲೆ ಬೆಲ್ಲ ನೀರು ಕೊಟ್ಟು ಕೂರಿಸಿದರು; ಹೊಳೆಯ ಕಡೆಗೆ ಕರೆದೊಯ್ದು, ನೀರು ಇಳಿದಾಗ ಕಾಣಿಸುವ ಮುರಕಲ್ಲಿನ ಪಂಚಾಂಗವನ್ನು ತೋರಿಸಿದರು. ಮುತ್ತಜ್ಜನ ಮನೆಯೆಂದು ಈಗ ಇರುವುದು ಅಷ್ಟೇ.

ಅಲ್ಲಿ ನಿಂತಾಗ ಹಿಜರಿ 8ರ ಮಕ್ಕಾ ವಿಜಯದ ಪ್ರಸಂಗ ನೆನಪಾಯಿತು. ಮಕ್ಕಾದಲ್ಲಿ ಎಲ್ಲಿ ತಂಗುವಿರಿ ಎಂದು ಉಸಾಮ(ರ) ಕೇಳಿದಾಗ, ಅಕೀಲ್ ನಮಗೆ ಯಾವುದಾದರೂ ಮನೆಯನ್ನು ಉಳಿಸಿದ್ದಾನೆಯೇ ಎಂದು ಪ್ರವಾದಿ(ಸ) ಮರುಪ್ರಶ್ನೆ ಹಾಕಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಗೆದ್ದ ಊರಿನಲ್ಲಿ ತಮ್ಮ ಹಿರಿಯರ ಮನೆಯನ್ನು ಅವರು ಮರಳಿ ಕಿತ್ತುಕೊಳ್ಳಲಿಲ್ಲ. ಗುಡಾರದಲ್ಲಿ ತಂಗಿದರು. ಕಾನೂನಿನಂತೆ ಬೇರೆಯವರಿಗೆ ಸಂದ ನೆಲದ ಮೇಲೆ ನಮಗೇನೂ ಹಕ್ಕಿಲ್ಲ. ಆದರೆ ಅದರ ಬೆಲೆಯನ್ನು ಉಂಡ ಮನೆಯವರು ನಾವು. ಆ ಹೊಣೆ ನಮ್ಮದು.

ನಾವು ಹಿರಿಯ ಆಲಿಮರೊಬ್ಬರನ್ನು ಕಂಡೆವು. ಮನುಷ್ಯರ ಹಕ್ಕು ಬರಿಯ ಇಸ್ತಿಗ್‌ಫಾರಿನಿಂದ ತೀರುವುದಿಲ್ಲ, ಹಕ್ಕುದಾರರಿಗೆ ಮುಟ್ಟಿಸಬೇಕು ಇಲ್ಲವೆ ಅವರು ಮನಸಾರೆ ಬಿಟ್ಟುಕೊಡಬೇಕು ಎಂದು ಅವರು ನೆನಪಿಸಿದರು. ಅಜ್ಜನ ತಂಗಿಯ ಹಿರಿಯ ಮಗಳು ಈಗಲೂ ಇದ್ದಾರೆ. 80 ದಾಟಿದ ವಯಸ್ಸು. ನಮ್ಮ ತಂದೆಯವರೊಂದಿಗೆ ಅವರ ಮನೆಗೆ ಹೋಗಿ ಪತ್ರದ ನಕಲನ್ನು ಮುಂದಿಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮೋನೇ, ತೋಟ ಉಳಿದಿದೆಯೆಂದು ಉಮ್ಮ ಸಾಯುವ ತನಕ ಹೇಳುತ್ತಿದ್ದರು. ನಾವೂ ನಂಬಿರಲಿಲ್ಲ."

ಮನೆಯವರೆಲ್ಲ ಸೇರಿ, ಎರಡೂ ಕಡೆಯವರು ಒಪ್ಪಿದ ಮೊತ್ತವನ್ನು ನಿಗದಿಪಡಿಸಿದ್ದೇವೆ. ಕಂತುಗಳಲ್ಲಿ ಕೊಡುತ್ತಿದ್ದೇವೆ. ಅದು ತೀರಲು ಇನ್ನೂ ಕಾಲ ಬೇಕು. ಎರಡು ತಲೆಮಾರು ಮದುವೆ ಮರಣಗಳಿಗಷ್ಟೇ ಬಂದುಹೋಗುತ್ತಿದ್ದ ಎರಡು ಮನೆಗಳು ಕಳೆದ ರಮಳಾನಿನಲ್ಲಿ ಒಂದೇ ಸುಪ್ರದ ಮುಂದೆ ಕುಳಿತು ಇಫ್ತಾರ್ ಮಾಡಿದವು.

ಪ್ರಿಯ ಸಹೋದರ ಸಹೋದರಿಯರೇ, ಹಿರಿಯರ ಮನೆಯನ್ನು ಹುಡುಕಿರಿ. ಹಿರಿಯರು ಬದುಕಿರುವಾಗಲೇ ಮನೆತನದ ಹೆಸರು, ಕಡವು, ಬಾವಿ, ಮಸೀದಿಗಳ ಗುರುತುಗಳನ್ನು ಬರೆದಿಡಿರಿ. ಪೂರ್ವಜರು ಗೇಣಿದಾರರಾಗಿದ್ದರೆ ಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಅವರ ಹೆಸರು ಇಲ್ಲದಿರಬಹುದು. ಆಗ ಗೇಣಿ ಚೀಟಿಗಳನ್ನು, ಮೂಲಗೇಣಿ ಪತ್ರಗಳನ್ನು, 1974ರ ಬಳಿಕ ಭೂನ್ಯಾಯ ಮಂಡಳಿಗೆ ಕೊಟ್ಟ 7ನೇ ನಮೂನೆಯ ಅರ್ಜಿಗಳನ್ನು ನೋಡಿರಿ. ಆದರೆ ಕಾಗದ ಕೈಗೆ ಬಂದಾಗ ಅದರಲ್ಲಿ ಇರುವ ಹೆಸರುಗಳನ್ನು ಮಾತ್ರ ಓದಬೇಡಿರಿ. ಇರಬೇಕಾಗಿದ್ದು ಇಲ್ಲದ ಹೆಸರುಗಳನ್ನೂ ಓದಿರಿ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಇಟ್ಟುಕೊಂಡವನಿಗೆ ಪರಲೋಕದಲ್ಲಿರುವ ಶಿಕ್ಷೆಯ ಕುರಿತು ಪ್ರವಾದಿ(ಸ) ನೀಡಿದ ಎಚ್ಚರಿಕೆಯನ್ನು ಬಲ್ಲ ನಾವು 24 ಸೆಂಟ್ಸ್‌ನ ಮುಂದೆ ಕಣ್ಣು ಮುಚ್ಚಲಾರೆವು.

ಅಲ್ಲಾಹನು ನಮ್ಮ ಅಜ್ಜಂದಿರನ್ನು ಕ್ಷಮಿಸಲಿ. ಹಕ್ಕು ಸಿಗದೆ ತೀರಿಹೋದ ನಮ್ಮ ತಾಯಂದಿರಿಗೆ ಸ್ವರ್ಗದಲ್ಲಿ ಉತ್ತಮ ಮನೆಗಳನ್ನು ನೀಡಲಿ. ಅವರ ಪಾಲನ್ನು ಅವರ ಮಕ್ಕಳಿಗೆ ಮುಟ್ಟಿಸುವ ಶಕ್ತಿಯನ್ನು ನಮಗೆ ಕರುಣಿಸಲಿ. ಆಮೀನ್.