ಚಿನ್ನದ ಊರಿನ ತಳ್ಳುಗಾಡಿಗಳು: ರಾಬರ್ಟ್‌ಸನ್‌ಪೇಟೆಯ ಬರೆಯದ ಚರಿತ್ರೆ



ಚರಿತ್ರೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ರಾಜರು, ಕೋಟೆಗಳು, ಯುದ್ಧಗಳು ಬಂದು ನಿಲ್ಲುತ್ತವೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಹೈದರ್ ಅಲಿ ಹುಟ್ಟಿದ ಬೂದಿಕೋಟೆ ಬಂಗಾರಪೇಟೆಯ ಸಮೀಪದಲ್ಲೇ ಇದೆ. ಅವರ ತಂದೆ ಫತೇ ಮುಹಮ್ಮದರ ಸಮಾಧಿ ಕೋಲಾರದಲ್ಲಿದೆ. ಆದರೆ ಸಂಜೆಯಾದರೆ ರಾಬರ್ಟ್‌ಸನ್‌ಪೇಟೆಯ ಬೀದಿಬದಿಯಲ್ಲಿ ನಿಲ್ಲುವ ತಿಂಡಿಯ ತಳ್ಳುಗಾಡಿಯೂ, ನಾಲ್ಕು ಬೆಂಚಿನ ಸಣ್ಣ ಹೋಟೆಲೂ ಚರಿತ್ರೆಯ ಪುಟಗಳೇ ಎಂದರೆ ನೀವು ನಗಬಹುದು. ಸ್ವಲ್ಪ ತಾಳ್ಮೆಯಿಂದ ಓದಿ ನೋಡಿ.

ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ರೈಲು ಬಂದದ್ದು 1864ರಲ್ಲಿ. ಆ ದಾರಿಯ ನಿಲ್ದಾಣಗಳಲ್ಲಿ ಒಂದಕ್ಕೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಅದೇ ಇಂದಿನ ಬಂಗಾರಪೇಟೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳಿಗೆ ಕಾಲಿಟ್ಟಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಪ್ರದೇಶಕ್ಕೆ ಕವಲು ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಬೆಂಗಳೂರಿಗೆ ಅದು ತಲುಪಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ! ಗಣಿಗಳ ಪಕ್ಕದಲ್ಲಿ ಪೇಟೆಯೊಂದು ಬೆಳೆಯಿತು. ಬ್ರಿಟಿಷ್ ರೆಸಿಡೆಂಟ್ ರಾಬರ್ಟ್‌ಸನ್ ಅವರ ಹೆಸರಿನಿಂದ ಅದು ರಾಬರ್ಟ್‌ಸನ್‌ಪೇಟೆಯಾಯಿತು.

ಗಣಿ ಎಂದರೆ ಹಗಲು ರಾತ್ರಿ ಪಾಳಿಯ ಕೆಲಸ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಬಿಸಿಯಲ್ಲಿ ದುಡಿದು ಮೇಲೆ ಬರುವ ಮನುಷ್ಯನ ಹಸಿವು ಗಡಿಯಾರ ನೋಡಿ ಬರುವುದಿಲ್ಲ. ಇದು ನಮ್ಮ ಊರಿನ ಸಂಗತಿ ಮಾತ್ರವಲ್ಲ. ಇಂದು ನಗರಗಳಲ್ಲಿ ‘ಫುಡ್ ಟ್ರಕ್’ ಎಂದು ದೊಡ್ಡ ಹೆಸರಿನಿಂದ ಕರೆಯುವ ವ್ಯವಸ್ಥೆಯ ಮೂಲವನ್ನು ಅಮೆರಿಕದವರು 1872ರಲ್ಲಿ ಗುರುತಿಸುತ್ತಾರೆ. ಆ ವರ್ಷ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬುವನು ಪತ್ರಿಕಾ ಕಚೇರಿಯ ಬಳಿ ಕುದುರೆಗಾಡಿ ನಿಲ್ಲಿಸಿ, ರಾತ್ರಿ ಪಾಳಿಯವರಿಗೆ ಊಟ ಮಾರಿದನು. ರಾತ್ರಿ ದುಡಿಯುವವರು ಎಲ್ಲಿದ್ದಾರೋ ಅಲ್ಲಿ ಚಕ್ರದ ಮೇಲಿನ ಅಡುಗೆಮನೆಗೂ ಕೆಲಸವಿದೆ. ನಮ್ಮಲ್ಲಿ ಕುದುರೆಗಾಡಿಯ ಬದಲು ಸೈಕಲ್ ಚಕ್ರದ ತಳ್ಳುಗಾಡಿ. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಲಾರಿ ಬಂದ ಮೇಲೆ ಅದರ ಬೆನ್ನ ಮೇಲೂ ಒಲೆ ಏರಿತು.

ಇನ್ನು ಗಾಡಿಯ ಮೇಲೆ ಏನಿದೆ ನೋಡಿ. ಗಣಿಗೆ ದುಡಿಯಲು ಬಂದವರಲ್ಲಿ ಬಹುಮಂದಿ ತಮಿಳರು, ಮುಖ್ಯವಾಗಿ ಉತ್ತರ ಆರ್ಕಾಟ್ ಕಡೆಯ ಬಡ ದಲಿತರು. ಚಿತ್ತೂರಿನ ಕಡೆಯಿಂದ ತೆಲುಗರು ಬಂದರು. ಸುತ್ತಲಿನ ಹಳ್ಳಿಗಳ ಕನ್ನಡಿಗರು, ದಖನಿ ಉರ್ದು ಮಾತನಾಡುವ ನಮ್ಮವರು ಪೇಟೆಯಲ್ಲಿ ನೆಲೆಸಿದರು. ಅವರೆಲ್ಲರ ಅಡುಗೆಮನೆಗಳು ಬೀದಿಯಲ್ಲಿ ಕಲೆತವು. ಒಂದೇ ಸಾಲಿನಲ್ಲಿ ಇಡ್ಲಿ, ಸುಂಡಲ್, ಪರೋಟ, ಕಬಾಬ್, ಖುಷ್ಕಾ ಎಲ್ಲವೂ ಸಿಗುತ್ತವೆ. ಜೋಲಾರ್‌ಪೇಟೆ ದಾಟಿ ಮದ್ರಾಸಿನತ್ತ ಹೋಗುವ ಅದೇ ಹಳಿಯ ಮೇಲೆ ಆಂಬೂರು ಇದೆ. ಜೀರಗ ಸಾಂಬಾ ಎಂಬ ಸಣ್ಣಕ್ಕಿಯಲ್ಲಿ ಮಾಡಿ, ಬದನೆಕಾಯಿ ಗೊಜ್ಜಿನೊಡನೆ ಬಡಿಸುವ ಆಂಬೂರು ಬಿರಿಯಾನಿಯ ಹೆಸರು ನಮ್ಮ ಕಡೆಯ ಫಲಕಗಳಲ್ಲೂ ಕಾಣುತ್ತದೆ. ಗಾಡಿಯವನು ಒಬ್ಬನಿಗೆ ತಮಿಳಿನಲ್ಲಿ, ಇನ್ನೊಬ್ಬನಿಗೆ ಉರ್ದುವಿನಲ್ಲಿ, ಮತ್ತೊಬ್ಬನಿಗೆ ಕನ್ನಡದಲ್ಲಿ ಲೆಕ್ಕ ಹೇಳುತ್ತಾನೆ. ನಾವು ಶಾಲೆಯಲ್ಲಿ ತ್ರಿಭಾಷಾ ಸೂತ್ರ ಎಂದು ಕಷ್ಟಪಟ್ಟು ಕಲಿಸುವುದನ್ನು ಅವನು ಚಟ್ನಿ ಬಡಿಸುತ್ತಲೇ ಸಾಧಿಸಿದ್ದಾನೆ.

28 ಫೆಬ್ರವರಿ 2001ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ 800 ಟನ್‌ನಷ್ಟು ಚಿನ್ನ ಕೊಟ್ಟ ಊರಿನಲ್ಲಿ ಮನೆ ಮನೆಯ ಸಂಬಳ ನಿಂತಿತು. ಅಂದಿನಿಂದ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ. ಗಣಿಯ ಪಾಳಿ ಹೋಗಿ ರೈಲಿನ ಪಾಳಿ ಬಂತು. ದೊಡ್ಡ ಬಂಡವಾಳವಿಲ್ಲದವನಿಗೆ ಉಳಿದ ದಾರಿಗಳಲ್ಲಿ ಒಂದು ಗಾಡಿ, ಒಂದು ಒಲೆ, ಮನೆಯವರ ಕೈರುಚಿ ಮುಖ್ಯವಾದದ್ದು. ಮನೆಯೊಳಗೆ ಹಿಟ್ಟು ರುಬ್ಬುವ, ಮಸಾಲೆ ಅರೆಯುವ ಹೆಣ್ಣುಮಕ್ಕಳ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ಆದರೆ ಆ ಗಾಡಿ ಅವರ ಕೈಗಳಿಂದಲೇ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಈ ವ್ಯಾಪಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬಂಗಾರಪೇಟೆಯ ಪಾನಿಪುರಿಯೇ ಸಾಕ್ಷಿ. ಬೇರೆ ಕಡೆ ಪಾನಿ ಹಸಿರಾಗಿದ್ದರೆ ಇಲ್ಲಿಯದು ತಿಳಿನೀರಿನಂತೆ ಇರುತ್ತದೆ. ಆದರೆ ಬಾಯಿಗಿಟ್ಟರೆ ಕಣ್ಣಲ್ಲಿ ನೀರು! ಇಂದು ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಫಲಕಗಳಿವೆ. ಚಿನ್ನ ಊರು ಬಿಟ್ಟು ಹೋಯಿತು. ಊರಿನ ಹೆಸರನ್ನು ಹೊರಗೆ ಉಳಿಸಿದ್ದು ಬೀದಿಯ ತಿಂಡಿ ಎಂದರೆ ತಪ್ಪಾಗಲಾರದು.

ಆದರೂ ಗಾಡಿಯವರನ್ನು ಕಂಡರೆ ನಮಗೆ ಒಂದು ಬಗೆಯ ತಾತ್ಸಾರ. ತಂದೆ ಏನು ಮಾಡುತ್ತಾರೆ ಎಂದು ತರಗತಿಯಲ್ಲಿ ಕೇಳಿದಾಗ ‘ಬಿಸಿನೆಸ್’ ಎಂದು ಮೆಲ್ಲಗೆ ಹೇಳಿ ತಲೆ ತಗ್ಗಿಸುವ ಮಕ್ಕಳಿದ್ದಾರೆ. ಹಜರತ್ ದಾವೂದ್ ಅಲೈಹಿಸ್ಸಲಾಮ್ ಅವರು ಸ್ವಂತ ಕೈಗಳ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಹದೀಸ್ ತಿಳಿಸುತ್ತದೆ. ಹಲಾಲ್ ದುಡಿಮೆಯಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ? ದೇಶದ ಕಾನೂನೂ ಅವರ ಪರವಾಗಿದೆ. ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ನಡೆಸಿ ಅವರಿಗೆ ವ್ಯಾಪಾರದ ಪ್ರಮಾಣಪತ್ರ ನೀಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಕಾನೂನು ಇದ್ದರೂ ಅರ್ಜಿ ತುಂಬಲು ಅಕ್ಷರ ಬೇಕು. ಅಕ್ಷರ ಬಲ್ಲ ನಾವು ಒಂದು ಸಂಜೆ ಕುಳಿತು ಆ ಅರ್ಜಿ ತುಂಬಿಕೊಟ್ಟರೆ ಅದೂ ವಿದ್ಯಾದಾನವೇ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಇನ್ನೊಂದು ಕೆಲಸವಿದೆ. ಗಣಿಯಿಂದ ತೆಗೆದ ಚಿನ್ನಕ್ಕೆ ತೂಕದ ಲೆಕ್ಕ ಬರೆದಿಟ್ಟರು. ಅದನ್ನು ತೆಗೆದವರಿಗೆ ಅನ್ನ ಹಾಕಿದವರ ಲೆಕ್ಕ ಬರೆದವರು ಕಡಿಮೆ. ನೀವು ದಿನವೂ ತಿನ್ನುವ ಗಾಡಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಅಜ್ಜ ಯಾವ ಊರಿನಿಂದ ಬಂದರು? ಗಾಡಿ ಯಾವ ವರ್ಷ ಶುರುವಾಯಿತು? ಅಂದು ದೋಸೆಗೆ ಎಷ್ಟು ಬೆಲೆ? ಗಣಿ ಮುಚ್ಚಿದ ವರ್ಷ ವ್ಯಾಪಾರ ಹೇಗಿತ್ತು? ಕೇಳಿ, ಅವರ ಒಪ್ಪಿಗೆ ಪಡೆದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಕನ್ನಡದಲ್ಲೋ ಉರ್ದುವಿನಲ್ಲೋ, ನಿಮಗೆ ಒಗ್ಗಿದ ಭಾಷೆಯಲ್ಲಿ ಬರೆಯಿರಿ. ಪಾಳಿ ಮುಗಿಸಿ ಬರುತ್ತಿದ್ದ ಕಾರ್ಮಿಕರಿಗೆ ಬಡಿಸಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.