ನಾಬ್: ವಿದ್ಯುತ್ ಗಿಟಾರ್ ಮತ್ತು ಎಲೆಕ್ಟ್ರಾನಿಕ್ ತಂಬೂರಿಗಳಲ್ಲಿ

ಪೊಟೆನ್ಶಿಯೋಮೀಟರಿನ ದಂಡಕ್ಕೆ ತೊಡಿಸುವ, ಬೆರಳಿಗೆ ಸಿಗುವ ತಿರುಗುಗುಂಡಿಯೇ ನಾಬ್. ಪೊಟೆನ್ಶಿಯೋಮೀಟರಿಗೆ ವಾದಕರ ರೂಢಿಯ ಹೆಸರು ಪಾಟ್. ರಿಪೇರಿ ಅಂಗಡಿಗಳಲ್ಲಿ ವಾಲ್ಯೂಮ್ ಕಂಟ್ರೋಲ್. ಅದರೊಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಸರಿಯುತ್ತದೆ. ದಂಡ ತುದಿಯಿಂದ ತುದಿಗೆ ಸುಮಾರು 270ರಿಂದ 300 ಡಿಗ್ರಿ ತಿರುಗುತ್ತದೆ. ನಾಬ್ ನಾದವನ್ನು ಬದಲಿಸದು. ಒಳಗಿನ ನಾಲಗೆ ಎಲ್ಲಿದೆಯೆಂದು ವಾದಕನಿಗೆ ಹೇಳುವುದಷ್ಟೇ ಅದರ ಕೆಲಸ. ಗುರುತು ತಪ್ಪಿ ಕೂತ ನಾಬ್ ಸಡಿಲವಾದದ್ದಕ್ಕಿಂತಲೂ ಹೆಚ್ಚು ಕಾಡುವುದು ಇದೇ ಕಾರಣಕ್ಕೆ.

ಕರ್ನಾಟಕದಲ್ಲಿ

ನಮ್ಮ ಕಡೆ ಗಾಯಕರ ಬೆರಳಿಗೆ ಪಾಟ್ ಪರಿಚಯವಾದದ್ದು ಗಿಟಾರಿಗಿಂತ ಹೆಚ್ಚಾಗಿ ಎಲೆಕ್ಟ್ರಾನಿಕ್ ತಂಬೂರಿಯಿಂದ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ಹಳೆಯ ಮಾದರಿಗಳಲ್ಲಿ ಶ್ರುತಿ, ಗತಿ, ಧ್ವನಿಮಟ್ಟ ಎಲ್ಲವೂ ನಾಬುಗಳಿಂದಲೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು ತಲೆಮಾರುಗಳಿಂದ ಸಂಗೀತ ಕಲಿತಿದ್ದಾರೆ. ಕಣ್ಣು ಕಾಣದ ಗಾಯಕನಿಗೆ ನಾಬಿನ ಮೇಲಿನ ಏಣೇ ಅಂಕಿಯ ಜಾಗದಲ್ಲಿ ನಿಲ್ಲುತ್ತದೆ. ನಾಬ್ ದಂಡದ ಮೇಲೆ ಜಾರಿದರೆ ಆ ಅಂಕಿ ಸುಳ್ಳಾಗುತ್ತದೆ.

ಬಾಗಲಕೋಟೆ ಸೀಮೆಯಲ್ಲಿ ನಾಬ್, ಪಾಟುಗಳ ರಿಪೇರಿ ಜಾತ್ರೆಯ ಹಂಗಾಮಿನ ಕೆಲಸ. ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳಿಗೂ, ಅಮೀನಗಡದಿಂದ ಇಳಕಲ್ಲಿನವರೆಗಿನ ಊರಜಾತ್ರೆಗಳ ರಸಮಂಜರಿಗಳಿಗೂ ಆಂಪ್ಲಿಫೈಯರ್ ಬೇಕೇಬೇಕು. ಬಯಲಿನ ಧೂಳು ಮೊದಲು ಹೊಗುವುದು ಪಾಟಿನೊಳಕ್ಕೆ.

ತಯಾರಿಕೆಯ ಗುರುತು

ಗಿಟಾರಿನ ವಯಸ್ಸು ಪತ್ತೆಮಾಡುವವರು ನಾಬಿಗಿಂತ ಪಾಟಿನ ಬೆನ್ನನ್ನು ನಂಬುತ್ತಾರೆ. ಅಮೆರಿಕದ ಹಳೆಯ ಪಾಟುಗಳ ಮೇಲೆ ಅಂಕಿಗಳ ಸಾಲೊಂದನ್ನು ಒತ್ತಿರುತ್ತಾರೆ. 137 ಎಂದು ಆರಂಭವಾದರೆ ತಯಾರಕರು ಸಿಟಿಎಸ್, 304 ಆದರೆ ಸ್ಟ್ಯಾಕ್‌ಪೋಲ್. ಉಳಿದ ಅಂಕಿಗಳು ವರ್ಷ ಮತ್ತು ವಾರ: 1376215 ಎಂದರೆ ಸಿಟಿಎಸ್, 1962, ಹದಿನೈದನೆಯ ವಾರ. ಪಾಟ್ ಅಸಲಿಯಾಗಿದ್ದರೆ ಗಿಟಾರ್ ಅದಕ್ಕಿಂತ ಮೊದಲು ತಯಾರಾಗಿರಲಾರದು, ಎಷ್ಟೋ ತಡವಾಗಿ ತಯಾರಾಗಿರಬಹುದು. ಫೆಂಡರ್ ಕಂಪನಿ 1966ರಲ್ಲಿ ಕೊಂಡಿಟ್ಟ ಪಾಟುಗಳ ದೊಡ್ಡ ದಾಸ್ತಾನು ಆ ದಶಕದ ಕೊನೆಯವರೆಗೂ ಬಳಕೆಯಲ್ಲಿತ್ತು. ಅಸಲಿ ಪಾಟನ್ನು ಕಿತ್ತು ಎಸೆಯುವ ಮೊದಲು ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ನಾಬುಗಳ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಗಿಬ್ಸನ್ ಲೆಸ್ ಪಾಲ್ ಗಿಟಾರುಗಳಲ್ಲಿ 1955ರ ಹೊತ್ತಿಗೆ ಉರುಳೆಯಾಕಾರದ ನಾಬ್ ಹೋಗಿ ಟೋಪಿಯಾಕಾರದ್ದು ಬಂತಾದರೂ ನಾಬನ್ನು ಯಾರು ಬೇಕಾದರೂ ಬದಲಿಸಬಹುದು.

ದಂಡ ಮತ್ತು ಅಳವಡಿಕೆ

ಗುಂಡನೆಯ ನುಣುಪು ದಂಡಕ್ಕೆ ಪಕ್ಕದಲ್ಲಿ ಸ್ಕ್ರೂ ಇರುವ ನಾಬ್ ಬೇಕು. ಅಮೆರಿಕದ ಅಳತೆಯಲ್ಲಿ ಈ ದಂಡ 6.35 ಮಿ.ಮೀ., ಮೆಟ್ರಿಕ್‌ನಲ್ಲಿ 6 ಮಿ.ಮೀ. ಸೀಳಿದ ಹಲ್ಲುದಂಡಕ್ಕೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ನಾಬ್ ಹೊಂದುತ್ತದೆ. ಸಿಟಿಎಸ್ ದಂಡದಲ್ಲಿ 24 ಸಣ್ಣ ಹಲ್ಲು. ಏಷ್ಯಾದ ಪಾಟುಗಳಲ್ಲಿ ಸಾಮಾನ್ಯವಾಗಿ 18 ದಪ್ಪ ಹಲ್ಲು. ಒಂದರ ನಾಬನ್ನು ಇನ್ನೊಂದಕ್ಕೆ ಬಲವಂತದಿಂದ ತುರುಕಿದರೆ ನಾಬ್ ಬಿರಿಯುತ್ತದೆ. ಮೇಲಿನಿಂದ ಜೋರಾಗಿ ಅದುಮಿದರೆ ಪಾಟಿನ ಬೆನ್ನಿನ ಡಬ್ಬಿಯೇ ಕಳಚಬಹುದು. ಒಳಗಿನಿಂದ ಬೆರಳಿನ ಆಸರೆ ಕೊಟ್ಟು ಕೂರಿಸುವುದು ಕ್ಷೇಮ. ದಂಡವನ್ನು ಪೂರ್ತಿ ತುದಿಗೆ ತಿರುಗಿಸಿ, ನಾಬಿನ 10ನ್ನು ಗುರುತಿಗೆ ಸರಿಹೊಂದಿಸಿಯೇ ಒತ್ತಬೇಕು.

ರಿಪೇರಿ

ನಾಬ್ ಕೀಳಲು ಸ್ಕ್ರೂಡ್ರೈವರಿನಿಂದ ಮೀಟುವುದು ಕೆಟ್ಟ ರೂಢಿ, ವಾರ್ನಿಷ್ ಒಡೆಯುತ್ತದೆ. ತೆಳುವಾದ ಬಟ್ಟೆಯ ಪಟ್ಟಿಯನ್ನು ನಾಬಿನ ಕೆಳಗೆ ಸುತ್ತಿ ನೇರ ಮೇಲಕ್ಕೆ ಎಳೆದರೆ ಬರುತ್ತದೆ. ಸಡಿಲವಾಗಿದ್ದರೆ ದಂಡದ ಸೀಳನ್ನು ತೆಳು ಅಲಗಿನಿಂದ ಕೂದಲೆಳೆಯಷ್ಟು ಅಗಲಿಸಬೇಕು, ಇಲ್ಲವೇ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಒಂದು ಸುತ್ತು ಹಾಕಬೇಕು. ಅಂಟು ಹಾಕಲೇಬಾರದು, ಮುಂದೆ ಪಾಟ್ ಬದಲಿಸುವಾಗ ನಾಬನ್ನು ಒಡೆದೇ ತೆಗೆಯಬೇಕಾಗುತ್ತದೆ. ನಾಬಿನ ಜೊತೆ ಇಡೀ ಪಾಟೇ ತಿರುಗುತ್ತಿದ್ದರೆ ತಪ್ಪು ನಾಬಿನದಲ್ಲ, ನಟ್ಟು ಸಡಿಲಾಗಿದೆ. ತಂತಿ ತಿರುಚಿ ಬೆಸುಗೆ ಬಿಡುವ ಮೊದಲೇ ಬಿಗಿಮಾಡಬೇಕು. ಸಣ್ಣ ಮೆಟ್ರಿಕ್ ಪಾಟಿಗೆ ಸಾಮಾನ್ಯವಾಗಿ 10 ಮಿ.ಮೀ. ಸ್ಪ್ಯಾನರ್ ಸಾಕು. ತಿರುಗಿಸುವಾಗ ಕರಕರ ಸದ್ದು ಬಂದರೆ ಪಾಟಿನ ಕಿಂಡಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತುದಿಯಿಂದ ತುದಿಗೆ ಹಲವು ಸಲ ತಿರುಗಿಸಬೇಕು. ಆಮೇಲೂ ಸದ್ದು ನಿಲ್ಲದಿದ್ದರೆ ಕಾರ್ಬನ್ ಪಟ್ಟಿ ಸವೆದಿರುವ ಸಂಭವವೇ ಹೆಚ್ಚು. ಆಗ ಅದೇ ಬೆಲೆಯ, ಅದೇ ಬಗೆಯ ದಂಡವಿರುವ ಹೊಸ ಪಾಟ್ ಹಾಕಬೇಕು. ಇಲ್ಲಿ ಬೆಲೆಯೆಂದರೆ ಓಮ್‌ಗಳ ಲೆಕ್ಕ: ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಸಾಮಾನ್ಯವಾಗಿ 250 ಕಿಲೋ ಓಮ್, ಎರಡು ಕಾಯಿಲಿನ ಹಂಬಕರ್ ಪಿಕಪ್ಪಿಗೆ 500.